ಕಾಫಿ ಗಾಡಿಗೆ ಯಾವ ವಿಳಾಸ?

ಹೋದ ಸಂಚಿಕೆಯ ಕೊನೇಲಿ, ಈ ಸಲ ಕಾಫಿ ಬಗ್ಗೆ ಮಾತಾಡ್ತೀನಿ ಅಂದಿದ್ದೆ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದ ಕತೆ ಇವತ್ತು ಬೇಡ, ಅದನ್ನ ನೀವು ಸ್ಕೂಲಿನಿಂದ ಕೇಳ್ತಾ ಬಂದಿದೀರಿ. ನನ್ನ ಪ್ರಶ್ನೆ ಬೇರೆ. ಕೈಯಲ್ಲಿ ದುಡ್ಡಿಲ್ಲದವರು, ಹಿಂದೆ ಮುಂದೆ ಯಾರೂ ಇಲ್ಲದವರು ಈ ಊರಲ್ಲಿ ಕಾಫಿ ವ್ಯಾಪಾರಕ್ಕೆ ಇಳಿದಾಗ ಅವರನ್ನು ನಿಲ್ಲಿಸಿದ್ದು ಏನು?

ಈ ಪ್ರಶ್ನೆ ಹುಟ್ಟಿದ್ದು ಲೈಬ್ರರಿಯಲ್ಲಲ್ಲ. ವಿಜಯನಗರ ಮೆಟ್ರೊ ಸ್ಟೇಷನ್ನಿಂದ ಸ್ವಲ್ಪ ದೂರದಲ್ಲಿ ನಾನು ಬೆಳಿಗ್ಗೆ ಕಾಫಿ ಕುಡಿಯೋ ಒಂದು ತಳ್ಳುಗಾಡಿ ಇದೆ. ಎರಡು ಬರ್ನರಿನ ಒಲೆ, ಹಾಲಿನ ಪಾತ್ರೆ, ಹೊಟ್ಟೆ ದಪ್ಪಗಿರೋ ಒಂದು ಸ್ಟೀಲ್ ಫಿಲ್ಟರು, ಪೇಪರ್ ಲೋಟದ ಕಟ್ಟು. ನಡೆಸೋ ಅಕ್ಕ ಮೊದಲು ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದಲ್ಲಿದ್ದವರು. ಹೆಸರು ಹೇಳ್ಬೇಡ ಅಂದಿದಾರೆ, ಹಾಗಾಗಿ ನಿಮಗೂ ಅವರು ಅಕ್ಕಾನೇ. ಒಂದು ದಿನ ಲೋಟ ಕೈಗೆ ಕೊಡ್ತಾ, "ನೀನು ಬಿಕಾಂ ಓದಿದೀಯಲ್ಲಪ್ಪಾ, ಸಾಲಕ್ಕೆ ಅದೇನೋ ಪ್ರಾಜೆಕ್ಟ್ ರಿಪೋರ್ಟ್ ಕೇಳ್ತಾರಂತೆ, ಬರ್ಕೊಡು" ಅಂದರು.

ಭಾನುವಾರ ಮಧ್ಯಾಹ್ನ ಕೂತ್ವಿ. ಯಂತ್ರೋಪಕರಣ, ಕಚ್ಚಾ ಮಾಲು, ಅನುಭವ, ಎಲ್ಲ ಸಲೀಸಾಗಿ ಬಂತು. ಪುಡಿಯ ಹದದ ಬಗ್ಗೆ ಆಕೆಗೆ ಇರೋ ತಿಳಿವಳಿಕೆ ನನಗಿಲ್ಲ: ಎಷ್ಟು ಪೀಬೆರಿ, ಎಷ್ಟು ರೊಬಸ್ಟಾ, ಚಿಕೋರಿ ಎಲ್ಲಿಗೆ ನಿಲ್ಲಬೇಕು, ಎರಡನೇ ಡಿಕಾಕ್ಷನ್ನು ಯಾರಿಗೆ ಕೊಡಬಾರದು. ವಾರ್ಷಿಕ ವಹಿವಾಟಿನ ಕಾಲಂ ಬಂದಾಗ ಲೆಕ್ಕ ಹಾಕಿದೆ. ಲೋಟಕ್ಕೆ 15 ರೂಪಾಯಿ, ದಿನಕ್ಕೆ 300 ಲೋಟ, ವರ್ಷಕ್ಕೆ 300 ದಿನ. ಹದಿಮೂರೂವರೆ ಲಕ್ಷ. ಅಕ್ಕ ಗಾಬರಿ ಬಿದ್ದರು. "ಅಷ್ಟೊಂದು ಬರೀಬೇಡ ಮಾರಾಯ, ನೋಟೀಸ್ ಬರುತ್ತೆ." ಬ್ಯಾಂಕಿಗೆ ವಹಿವಾಟು ಜಾಸ್ತಿ ತೋರಿಸಬೇಕು, ತೆರಿಗೆ ಇಲಾಖೆಗೆ ಕಾಣಿಸ್ಲೇಬಾರದು ಅನ್ನೋ ಭಯ. 2025ರ ಜುಲೈ ನೆನಪಿದೆಯಲ್ವಾ? ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸ್ ಹೋದಾಗ, ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದರು. ಪ್ರತಿಭಟನೆಗೆ ಅಂತ ಕೆಲವು ಕಡೆ ಹಾಲಿಲ್ಲದ ಕಪ್ಪು ಕಾಫಿ, ಟೀ ಕೊಟ್ಟರು. ಹೋಟೆಲ್ ಸೇವೆಗೆ ನೋಂದಣಿಯ ಮಿತಿ 20 ಲಕ್ಷ, ನೀವು ಅದರ ಒಳಗೇ ಇದೀರಿ ಅಂತ ಎಷ್ಟು ಹೇಳಿದರೂ ಅಕ್ಕನಿಗೆ ಪೂರ್ತಿ ಸಮಾಧಾನ ಆಗಲಿಲ್ಲ.

ಆಮೇಲೆ ಬಂತು ನೋಡಿ, ನಿಜವಾದ ತೊಡಕು. 'ವ್ಯಾಪಾರ ಸ್ಥಳದ ವಿಳಾಸ.'

ಗಾಡಿಗೆ ಯಾವ ವಿಳಾಸ? ಮೂರು ವರ್ಷದಲ್ಲಿ ನಾಲ್ಕು ಸಲ ಜಾಗ ಬದಲಾಗಿದೆ. ಒಮ್ಮೆ ಚರಂಡಿ ಕೆಲಸ, ಒಮ್ಮೆ ಎದುರಿನ ಅಂಗಡಿಯವರ ದೂರು, ಒಮ್ಮೆ ಯಾರೋ ಬಂದು ಒಲೆ ಸಮೇತ ಎತ್ತಿಕೊಂಡು ಹೋದರು. ನಾನು ಆ ಕಾಲಂ ಖಾಲಿ ಬಿಟ್ಟು ಮನೆಗೆ ಬಂದೆ. ಈ ಸಂಚಿಕೆ ಆ ಖಾಲಿ ಜಾಗದಿಂದ ಶುರುವಾಗಿದ್ದು.

ಹಿಂದಕ್ಕೆ ಹೋಗೋಣ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಕಾಫಿಗೆ ಹೊರದೇಶದಲ್ಲಿ ಬೆಲೆ ಬಿದ್ದುಹೋಗಿತ್ತು. ಹೊರಗೆ ಕೊಳ್ಳೋರಿಲ್ಲ ಅಂದ್ರೆ ಒಳಗಿನವರಿಗೇ ಕುಡಿಸಬೇಕು. 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು. ಆ ಸೆಸ್ ಸಮಿತಿಯೇ 1936ರಲ್ಲಿ ಬೊಂಬಾಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಯುದ್ಧ ಬಂದು ಯುರೋಪಿನ ಮಾರುಕಟ್ಟೆ ಮುಚ್ಚಿದ ಮೇಲಂತೂ ಸರ್ಕಾರ ಇಡೀ ವ್ಯಾಪಾರವನ್ನೇ ಕೈಗೆ ತೆಗೆದುಕೊಂಡಿತು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕು, ಬೋರ್ಡು ಮಾರಿ ಹಣ ಕೊಡುತ್ತದೆ. 1940ರ ದಶಕದಲ್ಲಿ ದೇಶದಲ್ಲಿ ಐವತ್ತರ ಹತ್ತಿರ ಕಾಫಿ ಹೌಸ್‌ಗಳಿದ್ದವು. ಮುಂಡಾಸು ಸುತ್ತಿದ ವೇಟರು, ದಪ್ಪ ಪಿಂಗಾಣಿ ಕಪ್ಪು, ಗಂಟೆಗಟ್ಟಲೆ ಕೂತರೂ ಏಳಿ ಅನ್ನದ ಮೇಜು.

1950ರ ದಶಕದ ನಡುವೆ ಬೋರ್ಡಿನ ನೀತಿ ಬದಲಾಯಿತು. ಕಾಫಿ ಹೌಸ್‌ಗಳನ್ನು ಮುಚ್ಚೋದು ಅಂತ ತೀರ್ಮಾನ. ಕಾಫಿ ಕುಡಿಯೋ ಅಭ್ಯಾಸ ಜನಕ್ಕೆ ಹತ್ತಿತ್ತು, ಬೋರ್ಡಿನ ದೃಷ್ಟಿಯಿಂದ ಪ್ರಚಾರದ ಕೆಲಸ ಮುಗಿದಿತ್ತೋ ಏನೋ. ಆದ್ರೆ ಅಲ್ಲಿ ದುಡಿಯುತ್ತಿದ್ದ ಅಡುಗೆಯವರು, ವೇಟರುಗಳು, ಲೋಟ ತೊಳೆಯುವವರು ಬೀದಿಗೆ ಬಿದ್ದರು. ಇವರ ಬೆನ್ನಿಗೆ ನಿಂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ಕೇರಳದಲ್ಲಿ ಎಲ್ಲರಿಗೂ ಎಕೆಜಿ. ನಮ್ಮ ಕನ್ನಡದವರು ನೆನಪಿಡಬೇಕಾದ ಒಂದು ಸಣ್ಣ ವಿಷಯ: 1957ರ ಚುನಾವಣೆಯಲ್ಲಿ ಅವರು ಗೆದ್ದು ಹೋದದ್ದು ಕಾಸರಗೋಡಿನಿಂದ.

ಎಕೆಜಿ ಕೊಟ್ಟ ಸಲಹೆ ಪರಿಹಾರ ಕೇಳಿ ಅಂತಲ್ಲ. ಹೋಟೆಲನ್ನೇ ಕೇಳಿ ಅಂತ. ನೌಕರರೇ ಸಹಕಾರ ಸಂಘ ಕಟ್ಟಿಕೊಂಡು, ಮುಚ್ಚಲಿರುವ ಕಾಫಿ ಹೌಸ್‌ಗಳನ್ನು ತಾವೇ ನಡೆಸುವುದು. ಚಳವಳಿ ನಡೆದು ಬೋರ್ಡು ಒಪ್ಪಬೇಕಾಯಿತು. 1957ರ ಆಗಸ್ಟ್ 19ರಂದು ಇಂಥ ಕಾಫಿ ನೌಕರರ ಸಹಕಾರ ಸಂಘ ಶುರುವಾದದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಲ್ಲಿ. ದೆಹಲಿಯದೂ ಅದೇ ವರ್ಷ. ಆಮೇಲೆ ತ್ರಿಶೂರು, ಕೋಲ್ಕತ್ತ, ಪುಣೆ, ಜಬಲ್ಪುರ ಹೀಗೆ ಹಬ್ಬಿತು. ತ್ರಿಶೂರಿನ ನಡಕ್ಕಲ್ ಪರಮೇಶ್ವರನ್ ಪಿಳ್ಳೆ ಅವರು ಈ ಕತೆಯನ್ನು ಮಲಯಾಳದಲ್ಲಿ ಒಂದು ಪುಸ್ತಕವಾಗಿಯೇ ಬರೆದರು. ಮೊದಲಿಗೆ ಶುರು ಮಾಡಿದ ಊರಿನ ನಾವು ಅಂಥದ್ದೊಂದು ಪುಸ್ತಕ ಬರೆಯಲಿಲ್ಲ. ನಮಗೆ ಕಾಫಿ ಹೌಸ್ ಅಂದ್ರೆ ಸಾಹಿತಿಗಳು ಕೂತು ಹರಟಿದ ಜಾಗ. ಹರಟೆಗೆ ಕಾಫಿ ತಂದುಕೊಟ್ಟವನೇ ಆ ಅಂಗಡಿಯ ಷೇರುದಾರ ಅನ್ನೋದು ಎಷ್ಟು ಜನರಿಗೆ ಗೊತ್ತಿತ್ತು?

ಈಗ ನನ್ನ ಕಾಮರ್ಸ್ ಕನ್ನಡಕ ಹಾಕ್ಕೋತೀನಿ. ಆ ನೌಕರರ ಹತ್ತಿರ ಏನಿತ್ತು? ಕೆಲಸ ಗೊತ್ತಿತ್ತು. ಗಿರಾಕಿಗಳ ಮುಖ, ರುಚಿ ಗೊತ್ತಿತ್ತು. ಇಲ್ಲದಿದ್ದದ್ದು ಬಂಡವಾಳ. ಹೊಸದಾಗಿ ಹೋಟೆಲು ಹಾಕಬೇಕಾದರೆ ಆ ಬಂಡವಾಳದ ದೊಡ್ಡ ಪಾಲು ಜಾಗಕ್ಕೆ, ಮುಂಗಡಕ್ಕೆ, ಮೇಜು ಕುರ್ಚಿಗೆ ಹೋಗುತ್ತದೆ. 1957ರಲ್ಲಿ ಅವರಿಗೆ ಸಿಕ್ಕಿದ್ದು ಅದೇ ಪಾಲು: ನಡೆಯುತ್ತಿದ್ದ ಅಂಗಡಿ, ಜನ ಬರುತ್ತಿದ್ದ ಬಾಗಿಲು. ನಾವು ಇವತ್ತು 'ಉದ್ಯಮಶೀಲತೆಗೆ ಬೆಂಬಲ' ಅಂದ ಕೂಡಲೇ ಸಾಲ, ತರಬೇತಿ ಅಂತೀವಿ. ಇವರ ಕೈಗೆ ಬಂದದ್ದು ವಿಳಾಸ.

ಕಾಫಿ ಒಲೆಯ ಮುಂದೆ ಯಾರು ನಿಲ್ಲಬಹುದು ಅನ್ನೋದು ದುಡ್ಡಿನ ಪ್ರಶ್ನೆ ಮಾತ್ರ ಆಗಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಬೋರ್ಡಿನ ಮೇಲೆ ಜಾತಿ ಬರೆದುಕೊಂಡ ಕಾಫಿ ಹೋಟೆಲುಗಳು ದಕ್ಷಿಣ ಭಾರತದ ತುಂಬ ಇದ್ದವು. ಅದೇ 1957ರಲ್ಲಿ ಪೆರಿಯಾರ್ ಅನುಯಾಯಿಗಳು ಮದ್ರಾಸಿನ ಟ್ರಿಪ್ಲಿಕೇನಿನ ಮುರಳೀಸ್ ಕೆಫೆ ಮುಂದೆ 'ಬ್ರಾಹ್ಮಣ' ಅನ್ನುವ ಪದವನ್ನು ಬೋರ್ಡಿನಿಂದ ತೆಗೆಸಲು ಚಳವಳಿ ಮಾಡುತ್ತಿದ್ದರು. ಯಾರು ಮಾಡಿದ ಕಾಫಿಯನ್ನು ಯಾರು ಕುಡಿಯುತ್ತಾರೆ ಅನ್ನೋ ಲೆಕ್ಕ ಗಟ್ಟಿಯಾಗಿದ್ದ ಕಾಲದಲ್ಲಿ, ನೌಕರರು ಮಾಲೀಕರಾದ ಹೋಟೆಲಿಗೆ ಊರಿನ ಎಲ್ಲ ಥರದವರೂ ಬಂದು ಕೂತರು. ಸಣ್ಣ ಮಾತಲ್ಲ.

ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸ್ ಹೀಗೆ ಸುಮಾರು ಅರ್ಧ ಶತಮಾನ ನಡೆಯಿತು. 2009ರಲ್ಲಿ ಆ ಕಟ್ಟಡ ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋಯಿತು. ಅದೇ ಜನ, ಅದೇ ಕಾಫಿ, ಅದೇ ಸಂಘ. ಆದ್ರೂ 'ಕಾಫಿ ಹೌಸ್ ಹೋಯ್ತು' ಅಂತ ಊರೆಲ್ಲ ಬೇಜಾರು ಮಾಡಿಕೊಂಡಿತು. ಜಾಗದ ಬೆಲೆ ಏನು ಅಂತ ಅವತ್ತು ಗಿರಾಕಿಗಳಿಗೂ ಗೊತ್ತಾಗಿರಬೇಕು.

ಸರಿ, ಇದೆಲ್ಲ ಕಂಟೋನ್ಮೆಂಟ್ ಕಡೆಯ ಕತೆ ಆಯ್ತು, ನಮ್ಮ ಪಶ್ಚಿಮದ ಕಡೆ ಏನು ಅಂತ ನೀವು ಕೇಳಬಹುದು. ಬನ್ನಿ ರಾಜಾಜಿನಗರಕ್ಕೆ. 1949ರಲ್ಲಿ ಶಂಕುಸ್ಥಾಪನೆಯಾದ ಬಡಾವಣೆ, ಹುಟ್ಟಿನಿಂದಲೇ ಕಾರ್ಖಾನೆ ಮತ್ತು ಕಾರ್ಮಿಕರಿಗಾಗಿ ಯೋಚಿಸಿದ್ದು. ಇಲ್ಲಿಯ ಕೈಗಾರಿಕಾ ವಸಾಹತು ನೋಡಿದೀರಲ್ವಾ, ಸಾಲು ಸಾಲು ಶೆಡ್ಡುಗಳು. ಅದರ ಹಿಂದಿದ್ದ ಯೋಚನೆ ತುಂಬ ಸರಳ: ಲೇಥ್ ಓಡಿಸೋಕೆ ಬರುವವನಿಗೆ ಕಟ್ಟಡ ಕಟ್ಟಿಸೋ ಶಕ್ತಿ ಇರಲ್ಲ, ಹಾಗಾಗಿ ಸರ್ಕಾರವೇ ಶೆಡ್ಡು ಕಟ್ಟಿ, ಕರೆಂಟು ಎಳೆದು ಕೊಡಲಿ. 1960ರಲ್ಲಿ ಹುಟ್ಟಿದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಕೆಲಸವೇ ಅದು. ಕಬ್ಬಿಣ ಕೊರೆಯುವವರಿಗೆ ವಿಳಾಸ ಬೇಕು ಅಂತ ರಾಜ್ಯಕ್ಕೆ ಅರವತ್ತು ವರ್ಷದ ಹಿಂದೆಯೇ ಅರ್ಥವಾಗಿತ್ತು. ಅದೇ ವಸಾಹತಿನ ಗೇಟಿನ ಮುಂದೆ ಅವರಿಗೆ ಕಾಫಿ ಮಾಡಿಕೊಡುವವರಿಗೂ ಬೇಕು ಅಂತ ಯಾಕೆ ಹೊಳೆಯಲಿಲ್ಲ, ಹೇಳಿ?

ಇದೇ ವಸಾಹತಿನಲ್ಲಿ ಒಂದು ಕಚೇರಿ ಇದೆ: ಅವೇಕ್, ಅಂದರೆ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ. 1983ರಲ್ಲಿ ಮಧುರಾ ಛತ್ರಪತಿ ಮತ್ತು ಜೊತೆಗಾರ್ತಿಯರು ಕಟ್ಟಿದ್ದು. ವ್ಯಾಪಾರ ಮಾಡುತ್ತಿರುವ ಹೆಂಗಸರೇ, ಶುರು ಮಾಡಬೇಕೆಂದಿರುವ ಹೆಂಗಸರ ಜೊತೆ ಕೂತು ಮಾತಾಡುವುದು ಇವರ ದಾರಿ. ಯಾವ ಲೈಸೆನ್ಸು, ಯಾವ ಕಚೇರಿ, ಬ್ಯಾಂಕಿನವರು 'ನಿಮ್ಮ ಯಜಮಾನರನ್ನ ಕರ್ಕೊಂಡ್ ಬನ್ನಿ' ಅಂದ್ರೆ ಏನು ಉತ್ತರ. ಆಹಾರ ಸಂಸ್ಕರಣೆಯ ತರಬೇತಿಯೂ ಉಂಟು. ಉಪ್ಪಿನಕಾಯಿ, ಹಪ್ಪಳ, ಪುಡಿಗಳು ಅಂತ ನಾವು ತಮಾಷೆ ಮಾಡೋದು ಸುಲಭ. ಆದರೆ ಮನೆಯ ಅಡುಗೆಮನೆಯೇ ಕಾರ್ಖಾನೆ ಅಂದಾಗ ಜಾಗದ ಬಾಡಿಗೆ ಉಳಿಯಿತು, ಅದೇ ಅಲ್ಲಿಯ ಲೆಕ್ಕ. ಕಾಫಿಗೆ ಈ ಅನುಕೂಲ ಇಲ್ಲ. ಬಿಸಿ ಲೋಟವನ್ನು ಬಸವೇಶ್ವರನಗರದ ಎರಡನೇ ಮಹಡಿಯ ಅಡುಗೆಮನೆಯಿಂದ ಮಾರೋಕಾಗಲ್ಲ. ಅದಕ್ಕೆ ರಸ್ತೆ ಬೇಕು, ಕಾಲ್ನಡಿಗೆಯವರು ಬೇಕು.

ಕಾಕತಾಳೀಯ ನೋಡಿ, ಅದೇ 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಕೆಫೆ ದರ್ಶಿನಿ ತೆರೆದರು. ದರ್ಶಿನಿಯನ್ನು ನಾವು ರುಚಿಯ ಕತೆಯಾಗಿ ಹೇಳ್ತೀವಿ. ನನಗೆ ಅದು ಬಾಡಿಗೆಯ ಕತೆ. ಕುರ್ಚಿ ತೆಗೆದುಬಿಡಿ, ನಿಂತು ತಿನ್ನೋ ಕಟ್ಟೆ ಹಾಕಿ, ಟೋಕನ್ ಕೊಡಿ. ಮೊದಲು ದೊಡ್ಡ ಹಾಲ್ ಬೇಕಿದ್ದ ವ್ಯಾಪಾರ ಒಂದು ಸಣ್ಣ ಮಳಿಗೆಗೆ ಇಳಿಯಿತು. ವೇಟರ್ ಸಂಬಳ ಇಲ್ಲ, ಗಿರಾಕಿ ಹತ್ತು ನಿಮಿಷದಲ್ಲಿ ಜಾಗ ಖಾಲಿ ಮಾಡ್ತಾನೆ. ಇದೇ ಮಾದರಿಯಲ್ಲಿ ಬೇರೆಯವರೂ ಹೋಟೆಲು ಹಾಕಲು ಪ್ರಭಾಕರ್ ನೆರವಾದರು. ನವರಂಗ್ ಹತ್ತಿರ, ಮಾರುತಿ ಮಂದಿರದ ಸುತ್ತ, ಕೆಂಗೇರಿ ಉಪನಗರದಲ್ಲಿ ಇವತ್ತು ನೀವು ನಿಂತು ಕುಡಿಯೋ ಕಾಫಿಯ ಹಿಂದೆ ಈ ಲೆಕ್ಕ ಇದೆ. ಕಾಫಿ ಅಂಗಡಿ ಹಾಕಲು ಬೇಕಾದ ಜಾಗವನ್ನು ಕುಗ್ಗಿಸಿದ್ದೇ ಆತ ಮಾಡಿದ ದೊಡ್ಡ ಉಪಕಾರ ಅಂತ ನನ್ನ ಅನಿಸಿಕೆ. ಆಮೇಲೆ ಆ ಸಣ್ಣ ಮಳಿಗೆಯ ಮುಂಗಡವೇ ಲಕ್ಷಗಟ್ಟಲೆ ಆಯಿತು, ಅದು ಬೇರೆ ಮಾತು.

ಕಾಫಿ ಬೀಜದ ಕಟ್ಟು ಬಿಚ್ಚಿದ್ದು 1990ರ ದಶಕದಲ್ಲಿ. ಪೂಲ್ ಪದ್ಧತಿ ಸ್ವಲ್ಪ ಸ್ವಲ್ಪವೇ ಸಡಿಲವಾಗಿ 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು ಅಂತಾಯಿತು. ಅದೇ ವರ್ಷ ಬ್ರಿಗೇಡ್ ರಸ್ತೆಯಲ್ಲಿ ವಿ.ಜಿ. ಸಿದ್ಧಾರ್ಥ ಅವರ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಅದರ ಏಳುಬೀಳು ನಿಮಗೆ ಗೊತ್ತಿರೋದೇ. ನಾನು ಗಮನಿಸೋದು ಇಷ್ಟು: ಬೀಜಕ್ಕೆ ಸ್ವಾತಂತ್ರ್ಯ ಸಿಕ್ಕಾಗ ಅದನ್ನು ಮೊದಲು ದೊಡ್ಡದಾಗಿ ಬಳಸಿಕೊಂಡವರು, ತೋಟವೂ ಇದ್ದು ಬ್ರಿಗೇಡ್ ರಸ್ತೆಯಲ್ಲಿ ಮಳಿಗೆ ಹಿಡಿಯುವ ತಾಕತ್ತೂ ಇದ್ದವರು. ಅದರಲ್ಲಿ ತಪ್ಪೇನಿಲ್ಲ. ಆದರೆ ಗಾಡಿಯ ಅಕ್ಕನ ಮಟ್ಟಿಗೆ 1996 ಅಂದರೆ ಪುಡಿ ಅಂಗಡಿಯಲ್ಲಿ ಆಯ್ಕೆ ಜಾಸ್ತಿಯಾಯಿತು, ಅಷ್ಟೇ. 2025ರ ಮೊದಲಲ್ಲಿ ಅರಾಬಿಕಾ ಬೆಲೆ ಜಗತ್ತಿನ ಮಾರುಕಟ್ಟೆಯಲ್ಲಿ ದಾಖಲೆ ಮುಟ್ಟಿ ಪುಡಿ ತುಟ್ಟಿಯಾದಾಗ, ಏಪ್ರಿಲ್ ಒಂದಕ್ಕೆ ನಂದಿನಿ ಹಾಲಿಗೆ 4 ರೂಪಾಯಿ ಏರಿದಾಗ, ಅದರ ಬಿಸಿ ಮೊದಲು ತಟ್ಟಿದ್ದೂ ಇಂಥ ಗಾಡಿಗಳಿಗೇ. ಲೋಟಕ್ಕೆ ಎರಡು ರೂಪಾಯಿ ಏರಿಸಿದ ದಿನ ಅಕ್ಕನ ಹತ್ತಿರ ಜಗಳ ಆಡಿದವರಲ್ಲಿ ನನ್ನ ಆಫೀಸಿನ ಗೆಳೆಯನೂ ಒಬ್ಬ, ಇನ್ನೂರು ರೂಪಾಯಿ ಕ್ಯಾಪುಚಿನೊ ಕುಡಿಯೋನು.

ಇತ್ತೀಚಿನ ಎರಡು ಪ್ರಯತ್ನಗಳನ್ನು ನಾನು ಪಕ್ಕಪಕ್ಕ ಇಟ್ಟು ನೋಡ್ತೀನಿ. ಒಂದು ಮಿಟ್ಟಿ ಕೆಫೆ. ಅಲೀನಾ ಆಲಂ 2017ರಲ್ಲಿ ಹುಬ್ಬಳ್ಳಿಯ ಕಾಲೇಜಿನಲ್ಲಿ ಶುರು ಮಾಡಿದ್ದು, ಅಂಗವೈಕಲ್ಯ ಇರುವವರೇ ನಡೆಸುವ ಕೆಫೆ. ಆಮೇಲೆ ಬೆಂಗಳೂರಿನ ಕಂಪನಿಗಳೊಳಗೆ, ವಿಮಾನ ನಿಲ್ದಾಣದಲ್ಲಿ, 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು. ಗಮನಿಸಿ, ಅದು ಬೆಳೆದದ್ದು ಸಂಸ್ಥೆಗಳು ತಮ್ಮ ಕಾಂಪೌಂಡಿನೊಳಗೆ ಒಂದು ಮೂಲೆ ಕೊಟ್ಟಿದ್ದರಿಂದ. ಮತ್ತೆ ಅದೇ, ಜಾಗ. ಇಲ್ಲಿ ಕೆಲಸ ಮಾಡುವವರು 1957ರ ನೌಕರರ ಹಾಗೆ ಮಾಲೀಕರಲ್ಲ. ಇದು ಗೌರವದ ಉದ್ಯೋಗ, ಒಡೆತನ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಇನ್ನೊಂದು ಸರ್ಕಾರದ್ದು. 2024-25ರ ರಾಜ್ಯ ಬಜೆಟ್ಟಿನಲ್ಲಿ ಸ್ವಸಹಾಯ ಸಂಘದ ಮಹಿಳೆಯರೇ ನಡೆಸುವ 50 'ಕೆಫೆ ಸಂಜೀವಿನಿ'ಗಳನ್ನು ಏಳೂವರೆ ಕೋಟಿ ರೂಪಾಯಿಯಲ್ಲಿ ಶುರು ಮಾಡುವುದಾಗಿ ಘೋಷಣೆಯಾಯಿತು. ಆಮೇಲೆ ಹೆಸರು 'ಅಕ್ಕ ಕೆಫೆ' ಆಯಿತು. ಭಾಗಿಸಿ ನೋಡಿ, ಒಂದಕ್ಕೆ 15 ಲಕ್ಷ. ಕಾಗದದ ಮೇಲೆ ಇದು 1957ಕ್ಕೆ ತುಂಬ ಹತ್ತಿರದ ಯೋಚನೆ: ಜಾಗ ಇವರದು, ಕೈ ಅವರದು. ನನಗೆ ಇದು ಇಷ್ಟವಾಯಿತು, ಮುಚ್ಚಿಡೋದೇನು. ಆದರೆ ಐವತ್ತು ಅಂದರೆ ಇಡೀ ರಾಜ್ಯಕ್ಕೆ ಐವತ್ತು. ಮೆಟ್ರೊ ಕೆಂಗೇರಿಗೆ 2021ರಲ್ಲಿ ಬಂತಲ್ಲ, ವಿಜಯನಗರದಿಂದ ಅಲ್ಲಿಯವರೆಗೆ ಒಂದೊಂದು ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಬೆಳಿಗ್ಗೆ ಇಳಿದು ನೋಡಿ, ಎಷ್ಟು ಗಾಡಿ, ಎಷ್ಟು ಫ್ಲಾಸ್ಕು, ಎಷ್ಟು ಟಿವಿಎಸ್ ಎಕ್ಸ್‌ಎಲ್.

ಬೀದಿ ವ್ಯಾಪಾರಿಗಳಿಗೆ ಕಾನೂನು ಇಲ್ಲ ಅಂತಲ್ಲ. 2014ರ ಕೇಂದ್ರ ಕಾಯ್ದೆ ಇದೆ: ಸಮೀಕ್ಷೆ ಮಾಡಿ, ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಅಂತ ಅದರಲ್ಲೇ ಬರೆದಿದೆ. ಊರಿನ ಜನಸಂಖ್ಯೆಯ ಶೇಕಡಾ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಅಂತಲೂ ಇದೆ. ಸಾಲವೂ ಇದೆ. 2020ರ ಜೂನಿನಲ್ಲಿ ಬಂದ ಪಿಎಂ ಸ್ವನಿಧಿಯಲ್ಲಿ ಮೊದಲ ಸಾಲ 10,000 ಇತ್ತು, 2025ರ ಆಗಸ್ಟಿನಲ್ಲಿ ಅದನ್ನು 15,000ಕ್ಕೆ ಏರಿಸಿದರು, ತೀರಿಸಿದರೆ ಎರಡನೆಯದು 25,000, ಮೂರನೆಯದು 50,000. ದಲಿತರಿಗೆ, ಆದಿವಾಸಿಗಳಿಗೆ, ಮಹಿಳೆಯರಿಗೆ ಅಂತ 2016ರ ಸ್ಟ್ಯಾಂಡ್ ಅಪ್ ಇಂಡಿಯಾ ಹತ್ತು ಲಕ್ಷದಿಂದ ಶುರುವಾಗುತ್ತಿತ್ತು. ಹುರಿಯುವುದು, ಕುದಿಸುವುದು ಕಲಿಯಬೇಕೆಂದರೆ ಕಾಫಿ ಬೋರ್ಡಿನ 'ಕಾಪಿ ಶಾಸ್ತ್ರ' ತರಬೇತಿ ಇದೆ. ಹದಿನೈದು ಸಾವಿರ ಒಂದು ಒಳ್ಳೇ ಒಲೆಗೂ ಪಾತ್ರೆಗೂ ಆಗುತ್ತದೆ, ಮಳಿಗೆಯ ಮುಂಗಡಕ್ಕೆ ಆಗುವುದಿಲ್ಲ. ಹತ್ತು ಲಕ್ಷ ಕೇಳಲು ಹೋದರೆ ಮಳಿಗೆಯ ಕರಾರುಪತ್ರ ಮೊದಲು ತೋರಿಸಬೇಕು. ಅಕ್ಕ ನಿಂತಿರೋದು ಈ ಎರಡರ ಮಧ್ಯದಲ್ಲಿ.

ನಂದಿನಿ ಹಾಲಿಗೆ ಫುಟ್‌ಪಾತಿನ ಮೇಲೆ ಬೂತ್ ಇದೆ. ತರಕಾರಿಗೆ ಹಾಪ್‌ಕಾಮ್ಸ್ ಮಳಿಗೆ ಇದೆ. ಬೆಳೆಗಾರರ ಸಂಘಗಳಿಗೆ ಊರು ಜಾಗ ಬಿಟ್ಟುಕೊಟ್ಟಿದ್ದರಿಂದ ಆಗಿದ್ದು ಅದು, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಹಾಗೆ ಆರಡಿ ನಾಲ್ಕಡಿಯ ಒಂದು ಕಾಫಿ ಬೂತು, ಮೀಟರು ಮತ್ತು ನಲ್ಲಿಯ ಜೊತೆ, ತಿಂಗಳ ಬಾಡಿಗೆಗೆ, ನಾಲ್ಕೈದು ಹೆಂಗಸರ ಸಂಘದ ಹೆಸರಿಗೆ ಅಂತ ನಾನು ಹೇಳಿದಾಗ ಒಬ್ಬ ಸ್ನೇಹಿತ, "ಆಮೇಲೆ ಅದನ್ನೂ ಯಾರೋ ಕಾರ್ಪೊರೇಟರ್ ಕಡೆಯವರು ಹಿಡ್ಕೊಂಡು ಒಳಬಾಡಿಗೆಗೆ ಕೊಡ್ತಾರೆ" ಅಂದ. ಆಗಬಹುದು. ನನ್ನ ಹತ್ತಿರ ಅದಕ್ಕೆ ಪೂರ್ತಿ ಉತ್ತರ ಇಲ್ಲ. 1957ರ ಸಂಘದಲ್ಲಿ ಕೆಲಸ ಮಾಡುವವನೇ ಸದಸ್ಯ, ಸದಸ್ಯರೇ ಆಡಳಿತ ಮಂಡಳಿಯನ್ನು ಆರಿಸುತ್ತಿದ್ದರು ಅನ್ನೋದನ್ನ ಮಾತ್ರ ಅವನಿಗೆ ನೆನಪಿಸಿದೆ.

ಅಕ್ಕನ ರಿಪೋರ್ಟು ಎಲ್ಲಿಗೆ ಬಂತು ಅಂತ ಹೇಳಿ ಮುಗಿಸ್ತೀನಿ. ಗಾಡಿ ನಿಲ್ಲೋ ಜಾಗದ ಹಿಂದೆ ಒಂದು ಜೆರಾಕ್ಸ್ ಅಂಗಡಿ ಇದೆ. ಅವರು ಷಟರ್ ಎತ್ತೋದು ಹತ್ತು ಗಂಟೆಗೆ. ಅಕ್ಕನ ವ್ಯಾಪಾರ ಹತ್ತಕ್ಕೆ ಮುಗಿಯುತ್ತೆ. ಬೆಳಿಗ್ಗೆ ಐದೂವರೆಯಿಂದ ಹತ್ತರವರೆಗೆ ಅಂಗಡಿಯ ಮುಂದಿನ ನಾಲ್ಕು ಅಡಿ ಅಕ್ಕನಿಗೆ, ತಿಂಗಳಿಗೆ ಇಷ್ಟು ಅಂತ ಮಾತಾಯಿತು. ವಿಳಾಸದ ಕಾಲಮ್ಮಿಗೆ ಆ ಅಂಗಡಿಯ ನಂಬರ್ ಬರೆಯಬಹುದಾ ಅಂತ ನಾನೇ ಕೇಳಿದೆ. ಜೆರಾಕ್ಸ್ ಅಣ್ಣ ತಲೆ ಕೆರ್ಕೊಂಡರು. ಅವರದೂ ಬಾಡಿಗೆ ಅಂಗಡಿಯೇ. "ಓನರ್ ಹತ್ರ ಒಂದ್ ಮಾತ್ ಕೇಳ್ಬೇಕು ಸರ್, ಅವರು ಊರಿಗೆ ಹೋಗಿದಾರೆ" ಅಂದರು.

ರಿಪೋರ್ಟನ್ನ ಅಲ್ಲೇ ಎರಡು ಪ್ರತಿ ತೆಗೆಸಿದ್ವಿ, ಆ ಒಂದು ಸಾಲು ಖಾಲಿ ಬಿಟ್ಟು. ಅಕ್ಕ ಅದನ್ನ ಕವರಿಗೆ ಹಾಕಿ ಗಾಡಿಯ ಡ್ರಾಯರಿನಲ್ಲಿ, ಪುಡಿ ಡಬ್ಬಿಯ ಪಕ್ಕ ಇಟ್ಟಿದಾರೆ. ಓನರ್ ಬರೋದು ಸೋಮವಾರವಂತೆ.